ಎರಡು ಕಚೇರಿಗಳ ನಡುವೆ ಸಿಕ್ಕ ಅರ್ಲೀನ್

ಬೆಳಗಿನ ಆರು ಗಂಟೆ. ಅಮೆರಿಕದ ಉತ್ತರ ಮೇಯ್ನ್‌ನ ಜನವರಿ, ಉಸಿರು ಬಿಟ್ಟರೆ ರೆಪ್ಪೆಯ ಮೇಲೆ ಹೆಪ್ಪುಗಟ್ಟುತ್ತದೆ. ಅರ್ಲೀನ್ ಪೆಲ್ಕಿ, ವೆಂಡೆಲ್ ಗೂಗಿನ್ಸ್ ಅವರ ಮನೆ ಹಿಂದೆ ಮಂಡಿಯೂರಿ, ಮನೆ ಬೆಚ್ಚಗಿಡುವ ಹೀಟ್ ಪಂಪಿನ ಹೊರಪೆಟ್ಟಿಗೆಗೆ ಅಂಟಿದ ಹಿಮ ಕೆರೆಯುತ್ತಿದ್ದಾರೆ. ತಗಡಿನ ಮೇಲಿನ ಕ್ರಮಸಂಖ್ಯೆಯ ಫೋಟೊ ವಿದ್ಯುತ್ ಕಂಪನಿಗೆ ಬೇಕು. ಎರಡು ಸಲ ಕಳಿಸಿದ್ದೂ ವಾಪಸು ಬಂದಿದೆ. ಎಂಟು ಎಂಬ ಅಂಕಿ ‘ಬಿ’ ಅಕ್ಷರದ ಹಾಗೆ ಕಾಣುತ್ತದಂತೆ.

“ನನ್ನ ಕಣ್ಣಿಗೂ ಎಂಟು, ಅಂಚೆಯವನ ಕಣ್ಣಿಗೂ ಎಂಟು. ಅಲ್ಲಿ ಬೆಚ್ಚಗೆ ಕೂತಿದಾನಲ್ಲ, ಆ ಮಹಾಶಯನಿಗೆ ಮಾತ್ರ ಬಿ!” ಎಂದು ಗೊಣಗುತ್ತಲೇ ಮೊಬೈಲು ಹಿಡಿಯುತ್ತಾರೆ.

ಐವತ್ತೆಂಟರ ಅರ್ಲೀನ್, ಡ್ವೇನ್ ಎಂಬವರ ಪುಟ್ಟ ಹೀಟ್ ಪಂಪ್ ಅಂಗಡಿಯ ಗುಮಾಸ್ತೆ. ಮೊದಲು ಕಾಗದದ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ನೋಡುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಮನೆ ಬೆಚ್ಚಗಾದಾಗ ಜನ ಡ್ವೇನ್‌ಗೆ ಬ್ಲೂಬೆರಿ ಕಡುಬು ಕಳಿಸುತ್ತಾರೆ. ಆ ಮನೆಯವರಿಗೆ ವಿದ್ಯುತ್ ಕಂಪನಿಯ ಸಹಾಯಧನವನ್ನೂ ಸರ್ಕಾರದ ತೆರಿಗೆ ವಿನಾಯಿತಿಯನ್ನೂ ಒಟ್ಟಿಗೆ ಕೊಡಿಸುವವರು ಅರ್ಲೀನ್ ಎಂಬುದು ಯಾರಿಗೂ ನೆನಪಿರುವುದಿಲ್ಲ. ಸದ್ಯ ಮೇಜಿನ ಮೇಲೆ ಮೂವತ್ತೊಂದು ಕಡತ. ದಿನಕ್ಕೆ ನಲವತ್ತು ಕರೆ. ಕೆಲವಕ್ಕೆ ಅರ್ಧ ಗಂಟೆ ಲೈನಿನಲ್ಲಿ ಕಾಯುತ್ತಾ ಪಿಟೀಲಿನ ಸಂಗೀತ ಕೇಳಬೇಕು. “ಮದುವೆ ಮನೇಲಿ ಆ ರಾಗ ಬಂದರೂ ನನಗೆ ಮೈ ಉರಿಯುತ್ತೆ” ಎನ್ನುತ್ತಾರೆ.

ವೆಂಡೆಲ್ ಶಾಲಾ ಬಸ್ಸಿನ ಚಾಲಕ. ಹೆಂಡತಿ ಬರ್ನೀಸ್‌ಗೆ ಶ್ವಾಸಕೋಶದ ತೊಂದರೆ. ಹಳೆಯ ಸೀಮೆಎಣ್ಣೆ ಹೀಟರಿನ ವಾಸನೆಗೆ ಮಲಗಲಾಗದೆ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರು. ಕಳೆದ ಅಕ್ಟೋಬರಿನಲ್ಲಿ ದಂಪತಿ ಅಂಗಡಿಗೆ ಬಂದರು. ಮಂಜೂರಾತಿಗೆ ಮುಂಚೆ ಒಂದು ಮೊಳೆ ಹೊಡೆದರೂ ಸಹಾಯಧನ ಇಲ್ಲ ಎಂದಿತು ವಿದ್ಯುತ್ ಕಂಪನಿ. ಡಿಸೆಂಬರ್ ಮೂವತ್ತೊಂದರೊಳಗೆ ಪಂಪು ಓಡದಿದ್ದರೆ ವಿನಾಯಿತಿ ಇಲ್ಲ ಎಂದಿತು ತೆರಿಗೆ ಇಲಾಖೆಯ ನಿಯಮ. ಎರಡರಲ್ಲಿ ಒಂದು ತಪ್ಪಿದರೂ ಪಂಪು ಕೊಳ್ಳುವುದು ಅವರ ಕೈಲಾಗುವ ಮಾತಲ್ಲ.

ನವೆಂಬರ್ ಕಳೆಯಿತು, ಮಂಜೂರಾತಿ ಇಲ್ಲ. ಕೇಳಿದರೆ “ಸರದಿಯಲ್ಲಿದೆ ಮೇಡಂ.” ಕ್ರಿಸ್‌ಮಸ್‌ಗೆ ಒಂಬತ್ತು ದಿನ ಇರುವಾಗ ಅರ್ಲೀನ್ ಫೋನು ಕೆಳಗಿಟ್ಟು, ಎರಡು ಗಂಟೆ ಕಾರು ಓಡಿಸಿಕೊಂಡು ವಿದ್ಯುತ್ ಕಂಪನಿಯ ಕಚೇರಿಗೇ ಹೋದರು. ಉತ್ತರ ಬರುವವರೆಗೂ ಏಳುವುದಿಲ್ಲ ಎಂದು ಕೂತರು. ಮಧ್ಯಾಹ್ನ ಒಬ್ಬ ಹುಡುಗಿ ಪರದೆ ನೋಡಿ ಹೇಳಿದಳು: “ಅರ್ಜಿ ಬರ್ನೀಸ್ ಹೆಸರಲ್ಲಿದೆ, ಕರೆಂಟ್ ಬಿಲ್ಲು ಕಾರ್ಲ್‌ಟನ್ ಅನ್ನೋರ ಹೆಸರಲ್ಲಿದೆ. ಅವರ ಸಹಿ ಬೇಕಾಗುತ್ತೆ.”

ಅರ್ಲೀನ್ ಅಲ್ಲಿಂದಲೇ ವೆಂಡೆಲ್‌ಗೆ ಫೋನು ಮಾಡಿದರು. “ಯಾರು ಮಾರಾಯ ಈ ಕಾರ್ಲ್‌ಟನ್?”

“ಬರ್ನೀಸಳ ಮೊದಲ ಗಂಡ. ಸತ್ತು ಹದಿನಾಲ್ಕು ವರ್ಷ ಆಯ್ತು.”

“ಅಂದ್ರೆ ಇಷ್ಟು ವರ್ಷ ನೀನು ಅವನ ಬಿಲ್ಲು ಕಟ್ತಾ ಇದ್ದೀಯಾ?”

“ಕಟ್ಟಿದ್ರೆ ದೀಪ ಉರಿಯುತ್ತೆ. ಹೆಸರು ಯಾರು ನೋಡ್ತಾರೆ?”

“ಇವರು ನೋಡ್ತಾರಪ್ಪಾ! ಎರಡು ತಿಂಗಳಾದ್ರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ನೋಡ್ತಾರೆ!”

ಮರುದಿನ ಊರಿನ ಕಚೇರಿಯಿಂದ ಮರಣಪತ್ರ ತೆಗೆಸಿ, ಬಿಲ್ಲಿನ ಹೆಸರು ಬದಲಿಸಿ, ಅರ್ಜಿಯನ್ನು ಮತ್ತೆ ಹಾಕಿದರು. ಮಂಜೂರಾತಿ ಬಂದದ್ದು ಡಿಸೆಂಬರ್ ಇಪ್ಪತ್ತೊಂಬತ್ತರ ಸಂಜೆ. ಮುಂದಿನ ಎರಡು ದಿನ ಡ್ವೇನ್ ಊಟಕ್ಕೂ ನಿಲ್ಲದೆ ದುಡಿದರು. ಮೂವತ್ತೊಂದರ ಮಧ್ಯಾಹ್ನ ನಾಲ್ಕಕ್ಕೆ ಗೋಡೆಯ ಪೆಟ್ಟಿಗೆಯಿಂದ ಬಿಸಿಗಾಳಿ ಬಂತು. ಬರ್ನೀಸ್ ಅದರ ಕೆಳಗೆ ನಿಂತು ಸ್ವೆಟರ್ ಬಿಚ್ಚಿದರು.

ಕಿರಿಕಿರಿ ಅಲ್ಲಿಗೂ ಮುಗಿಯಲಿಲ್ಲ. ಪೂರ್ತಿ ಖರ್ಚಿನ ಮೇಲೆ ವಿನಾಯಿತಿ ಸಿಗುತ್ತದೆಂದು ವೆಂಡೆಲ್‌ಗೆ ಯಾರೋ ಹೇಳಿದ್ದರು. “ಸಹಾಯಧನ ಕಳೆದು ಉಳಿದದ್ದಕ್ಕೆ ಮಾತ್ರ ಕಣಯ್ಯ. ಕಡಿಮೆ ಆಗುತ್ತೆ, ನಿಜ. ಸುಳ್ಳು ಬರೆದು ಆಮೇಲೆ ತೆರಿಗೆಯವರಿಗೆ ಉತ್ತರ ಕೊಡೋಕೆ ನನ್ನನ್ನ ಕರೀಬೇಡ” ಎಂದರು ಅರ್ಲೀನ್. ವೆಂಡೆಲ್ ಒಂದು ವಾರ ಮುಖ ಊದಿಸಿಕೊಂಡಿದ್ದರು. ಈಗ ಸಹಾಯಧನದ ಹಣ ಬಿಡುಗಡೆಯಾಗಲು ಈ ಫೋಟೊ ಒಂದೇ ಬಾಕಿ.

ಅರ್ಲೀನ್ ಎದ್ದು ಮಂಡಿಯ ಹಿಮ ಕೊಡವಿಕೊಳ್ಳುತ್ತಾರೆ. ಅಡುಗೆಮನೆಯ ಕಿಟಕಿ ತೆರೆದು ಬರ್ನೀಸ್ ಕರೆಯುತ್ತಾರೆ: “ಒಳಗೆ ಬಾರೇ, ಕಾಫಿ ಆರುತ್ತೆ. ರಾತ್ರಿ ಹಾಸಿಗೆ ಮೇಲೇ ಮಲಗಿದ್ದೆ ಗೊತ್ತಾ, ಬೆಳಗಿನ ತನಕ!”

ನಿಮ್ಮ ಮನೆಗೂ ಪಂಪು ಹಾಕಿಸಿದಿರಾ ಎಂದು ಕೇಳಿದರೆ ಅರ್ಲೀನ್ ದುರುಗುಟ್ಟಿ ನೋಡುತ್ತಾರೆ. “ನನ್ನ ಅರ್ಜಿ ಸೆಪ್ಟೆಂಬರಿಂದ ಹಾಗೇ ಬಿದ್ದಿದೆ. ಡಿಸೆಂಬರಲ್ಲಿ ನನಗೆಲ್ಲಿತ್ತು ಪುರುಸೊತ್ತು? ಸೌದೆ ಇದೆ, ಉರಿಸ್ತೀನಿ.” ಕೈಗವಸು ಕಳಚುತ್ತಾ ಅಡುಗೆಮನೆಯತ್ತ ಹೊರಡುತ್ತಾರೆ. “ನನಗೆ ಹೆಚ್ಚಿಗೇನೂ ಬೇಡ. ಆ ಕಚೇರಿಯವರು ಕೊಡಲ್ಲ ಅನ್ನೋದಾದ್ರೆ ಯಾಕೆ ಕೊಡಲ್ಲ ಅಂತ ಅವತ್ತೇ ಹೇಳಲಿ. ಉಳಿದದ್ದನ್ನ ನಾನು ನೋಡ್ಕೋತೀನಿ.”