ಕಮಲತ್ತಿಯ ದಾಲ್ಚಿನ್ನಿ ಸುರುಳಿ

ಎಲ್ಲಾದರೂ ತುಪ್ಪ, ಬೆಲ್ಲ, ದಾಲ್ಚಿನ್ನಿ ಒಟ್ಟಿಗೆ ಬಿಸಿಯಾದ ವಾಸನೆ ಬಂದರೆ ಸಿಂದಗಿಯ ನಮ್ಮ ಹಳೆಯ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ. ಆ ಮನೆ ಈಗಿಲ್ಲ. ಅಪ್ಪನ ತಾಯಿ ಆಯಿಯೂ ಇಲ್ಲ, ಅಪ್ಪನೂ ಇಲ್ಲ. ನಮ್ಮ ಕಡೆ ದಾಲ್ಚಿನ್ನಿ ಎಂದರೆ ಮಸಾಲೆ ಖಾರಕ್ಕೆ ಹಾಕುವ ಚಕ್ಕೆ. ಅದನ್ನು ಸಿಹಿಗೂ ಹಾಕಬಹುದೆಂದು ತೋರಿಸಿದವಳು ಅಪ್ಪನ ತಂಗಿ ಕಮಲತ್ತಿ. ನಿಮ್ಮ ಮನೆಯಲ್ಲೂ ಅಂಥ ಅತ್ತೆಯೊಬ್ಬಳು ಇದ್ದಿರಬೇಕು. ಕಮಲತ್ತಿ ಸೊಲ್ಲಾಪುರದ ಗಂಡನ ಮನೆಯಲ್ಲಿ ಎರಡು ವರ್ಷ ಇದ್ದು, ಒಂದು ದಿನ ಒಬ್ಬಳೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಅಲ್ಲಿಂದ ಆಕೆ ತಂದ ಒಳ್ಳೆಯದೆಂದರೆ ನೆರೆಮನೆಯವರು ಕಲಿಸಿದ ಈ ತಿನಿಸು ಒಂದೇ. ಈಸ್ಟ್ ಹಾಕಿ ನಾದಿದ ಮೈದಾ ಉಬ್ಬಿದ ಮೇಲೆ ಅಗಲವಾಗಿ ಲಟ್ಟಿಸಿ, ತುಪ್ಪ ಸವರಿ, ಬೆಲ್ಲ-ದಾಲ್ಚಿನ್ನಿ ಪುಡಿ ಉದುರಿಸಿ, ಚಾಪೆಯಂತೆ ಸುತ್ತಿ, ಹೂ ಕಟ್ಟುವ ದಾರದಿಂದ ಕತ್ತರಿಸುತ್ತಿದ್ದಳು. ಊರಿಗೆ ಮಿಕ್ಸಿ ಬಂದಿತ್ತು, ಓವನ್ ಬಂದಿರಲಿಲ್ಲ. ದೊಡ್ಡ ಪಾತೇಲಿಯಲ್ಲಿ ಉಸುಕು ಕಾಯಿಸಿ, ಅದರೊಳಗೆ ಸುರುಳಿ ಜೋಡಿಸಿದ ತಾಟು ಇಟ್ಟು ಮುಚ್ಚುತ್ತಿದ್ದಳು. "ಹುಳಿ ಹಿಟ್ಟಿಗೆ ಬೆಲ್ಲಾ? ಇದ್ಯಾವ ಸೀಮಿ ಪದ್ಧತಿನೋ!" ಎಂದು ಮೂಗು ಮುರಿಯುತ್ತಲೇ ಆಯಿ ಎರಡು ತಿನ್ನುತ್ತಿದ್ದಳು.

ಅತ್ತಿಯ ಬೆನ್ನಿನ ಬಾಸುಂಡೆಗಳನ್ನು ನೋಡಿದವಳು ನಾನೊಬ್ಬಳೇ, ಬಚ್ಚಲಿಗೆ ನೀರು ಕೊಡಲು ಹೋದಾಗ. ನನಗಾಗ ಒಂಬತ್ತು ವರ್ಷ.

ಸೊಲ್ಲಾಪುರದ ಬೀಗರು ಬಂದ ದಿನ ಅತ್ತಿ ಸುರುಳಿ ಕತ್ತರಿಸುತ್ತಿದ್ದಳು. ಪಡಸಾಲೆಯಲ್ಲಿ ಹಿರಿಯರು ಕೂತು, "ಗಂಡ ಹೆಂಡರ ಜಗಳ ಉಂಡು ಮಲಗೂತನಕ, ಕಳಸ್ರಿ" ಎನ್ನುತ್ತಿದ್ದರು. ಅಪ್ಪ ಹೌದೆಂದು ತಲೆಯಾಡಿಸುತ್ತಿದ್ದ. ಅತ್ತಿ ನನ್ನ ಕೈ ಹಿಡಿದುಕೊಂಡಳು. ಆಕೆಯ ಬೆರಳೆಲ್ಲ ಹಿಟ್ಟಾಗಿತ್ತು. "ಸುಮಾ, ನೀ ನೋಡೀದಿ ಅಲ್ಲಾ? ಅಣ್ಣಗ ನೀನರ ಹೇಳವಾ. ನನ್ನ ಬಾಯಿಲೆ ಬರವಲ್ದು."

ಹೋದೆ. ಅಷ್ಟೊಂದು ಗಂಡಸರು ಒಟ್ಟಿಗೆ ನನ್ನ ಕಡೆ ನೋಡಿದರು. "ಯಾಕವಾ?" ಎಂದ ಅಪ್ಪ. ನನ್ನ ಬಾಯಿಂದ ಬಂದದ್ದು, "ಚಾ ತರ್ಲೇನ್ರಿ?"

ಒಳಗೆ ಬಂದಾಗ ಅತ್ತಿ ನನ್ನ ಮುಖ ನೋಡಿದಳು. ತಾಟನ್ನು ಪಾತೇಲಿಯೊಳಗಿಟ್ಟು ಮುಚ್ಚಿದಳು. ಅಷ್ಟರಲ್ಲಿ ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಿಡಿದು ಬಂದು ಆಕೆಯ ಉಡಿ ತುಂಬಿದಳು. ಉಡಿ ತುಂಬಿದ ಹೆಣ್ಣು ಮತ್ತೆ ಒಲೆ ಮುಂದೆ ಕೂಡಬಾರದೆಂದು ಆಯಿಯ ಶಾಸ್ತ್ರ. "ಈಟ ತಡೀರಿ ವೈನಿ, ಒಲಿ ಮ್ಯಾಲೆ ಐತಿ" ಎಂದಳು ಅತ್ತಿ. "ಬಸ್ ಹೋಗ್ತೇತಿ, ನಡಿಯವಾ" ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ. ಅತ್ತಿ ಹೋದಳು. ಮುಂದೆ ಮದುವೆಗಳಿಗೆ ಬಂದು ಹೋಗುತ್ತಿದ್ದಳು, ನಾಲ್ಕು ಜನರ ನಡುವೆ ತಲೆ ತುಂಬ ಸೆರಗು ಹೊದ್ದು. ಸುರುಳಿ ಮಾತ್ರ ಮತ್ತೆಂದೂ ಮಾಡಲಿಲ್ಲ.

ಅಂದು ಪಾತೇಲಿ ಯಾವಾಗ ಇಳಿಸಬೇಕೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವ್ವ ಅಂದಾಜಿನ ಮೇಲೆ ಇಳಿಸಿದಳು. ಹೊಂಬಣ್ಣಕ್ಕೆ ತಿರುಗಿ, ಚೆನ್ನಾಗಿ ಉಬ್ಬಿದ್ದವು. ಬಸ್‌ಸ್ಟ್ಯಾಂಡಿನಿಂದ ಮರಳಿದ ಅಪ್ಪ ನನ್ನ ಪಕ್ಕದಲ್ಲೇ ಕೂತು, ಒಂದನ್ನು ಮುರಿದುಕೊಂಡು, "ನಮ್ಮ ಕಮಲಾನ ಕೈ ಭಾಳ ಚಲೋ ಐತಿ" ಎಂದ. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಲ್ಲಾಪುರದ ಬಸ್ಸು ಇನ್ನೂ ದಾರಿ ನಡುವಿನ ಝಳಕಿಯನ್ನೂ ದಾಟಿರಲಿಕ್ಕಿಲ್ಲ. ಆಗಲಾದರೂ ನಾನು ಹೇಳಬಹುದಿತ್ತು. ನನ್ನ ಬಾಯಿ ತುಂಬ ಸುರುಳಿಯಿತ್ತು.