ಬೇರಿನೊಳಗಿನ ಮಂದಿ

ಮಗಳು ವೀಣಾ ಮೂರು ತಿಂಗಳ ಕೂಸಿನೊಂದಿಗೆ ನಮ್ಮ ಚಿಕ್ಕಬಾಣಾವರದ ಫ್ಲ್ಯಾಟಿಗೆ ನಿನ್ನೆ ಬಂದಳು. ಹೊಸ್ತಿಲು ದಾಟುವ ಮೊದಲೇ ಅವಳ ಕೈಗೆ ಸ್ಯಾನಿಟೈಸರ್ ಸುರಿದೆ. ಆ ಸ್ಪಿರಿಟ್ಟಿನ ವಾಸನೆ ಇನ್ನೂ ನಡುಮನೆಯಲ್ಲಿ ಆಡುತ್ತಿದೆ. ಕೂಸನ್ನು ಮಾತ್ರ ನಾನಿನ್ನೂ ಮುಟ್ಟಿಲ್ಲ. ಮೊಮ್ಮಗಳಿಗೆ ಹೆದರುವ ಅಜ್ಜನನ್ನು ನೀವು ಕಂಡಿರಲಿಕ್ಕಿಲ್ಲ.

ಕಾರಣವಿದೆ. ಹೋದ ವರ್ಷ ನನಗೆ ಕಿಡ್ನಿ ಕಸಿಯಾಯಿತು. ಕೊಟ್ಟವಳು ನನ್ನಾಕೆ. ಮದುವೆಯಾದಂದಿನಿಂದ ನಮ್ಮಿಬ್ಬರ ಜಗಳ ಹೊರಗೆ ನಡೆದೇ ಇದೆ. ಈಗ ಒಳಗೂ ನಡೆಯದಿರಲೆಂದು ದಿನಾ ಮಾತ್ರೆ ನುಂಗುತ್ತೇನೆ. ಆ ಮಾತ್ರೆ ಮೈಯ ಕಾವಲನ್ನೇ ತಗ್ಗಿಸಿಬಿಡುತ್ತದೆ. ಬೇರೆಯವರ ಸಣ್ಣ ನೆಗಡಿಯೂ ನನ್ನನ್ನು ಆಸ್ಪತ್ರೆಗೆ ಸೇರಿಸಬಹುದು. "ಮಗು ಆರೋಗ್ಯವಾಗಿದ್ರೆ, ಕೈ ತೊಳ್ಕೊಂಡು ಎತ್ಕೊಳ್ಳಿ ಸಾರ್, ಏನಾಗಲ್ಲ" ಎಂದು ಡಾಕ್ಟರು ಹೇಳಿಯಾಗಿದೆ. ಭಯ ಡಾಕ್ಟರ ಮಾತು ಕೇಳುತ್ತದೆಯೇ? ನನಗಿರುವುದು ಸಾವಿನ ಭಯ. ಸುತ್ತುಬಳಸಿ ಹೇಳುವುದೇನಿದೆ?

ಸ್ಪಿರಿಟ್ಟಿನ ವಾಸನೆ ಬಂದರೆ ನನಗೆ ಪೀಣ್ಯ ನೆನಪಾಗುತ್ತದೆ. ಅಲ್ಲಿ ಗಿಡಮೂಲಿಕೆಗಳ ಸಾರ ತೆಗೆಯುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಬಂದ ಮಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದರೆ ವಾಪಸ್ ಕಳಿಸುವುದು ನನ್ನ ಕೆಲಸ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಕರ್ಕಶ ಸದ್ದು, ಕಿಟಕಿಯ ಮೇಲೆಲ್ಲ ಕರಿ ಧೂಳು. ಒಳಗೆ ಮಾತ್ರ ನಾವು ಮಡಿ. ನಮ್ಮಜ್ಜಿಯ ಮಡಿ ಅದರ ಮುಂದೆ ಏನೂ ಅಲ್ಲ.

ಒಮ್ಮೆ ಅಶ್ವಗಂಧದ ಹಸಿ ಬೇರನ್ನು ಸ್ಪಿರಿಟ್ಟಿನಲ್ಲೂ ಬ್ಲೀಚಿನಲ್ಲೂ ಅದ್ದಿ, ಶುದ್ಧ ನೀರಿನಲ್ಲಿ ಜಾಲಾಡಿ, ಕೊಯ್ದು, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿಟ್ಟೆ. ಕೊನೆಗೆ ಜಾಲಾಡಿದ ನೀರನ್ನೂ ಇನ್ನೊಂದು ತಟ್ಟೆಗೆ ಹಾಕಿದೆ. ಆಮೇಲೆ ನೋಡಿದರೆ ನೀರಿನ ತಟ್ಟೆಯಲ್ಲಿ ಏನೂ ಬೆಳೆದಿಲ್ಲ, ಅಂದರೆ ಬೇರಿನ ಹೊರಮೈ ಶುದ್ಧ. ಬೇರಿನ ಕೊಯ್ದ ಅಂಚಿನಿಂದ ಮಾತ್ರ ಗಂಜಿಯಂಥದ್ದು ಒಸರಿ ಹರಡಿತ್ತು. ತಟ್ಟೆ ಹಿಡಿದು ಮೇಡಂ ಬಳಿಗೆ ಓಡಿದೆ.

ಲ್ಯಾಬಿನ ಮುಖ್ಯಸ್ಥೆ ಗಿರಿಜಾ ಮೇಡಂ ಹುಬ್ಬಳ್ಳಿ ಕಡೆಯವರು. ನನ್ನ ಮುಖ ನೋಡಿ ನಕ್ಕರು. "ಹೊರಗ ತೊಳದ್ರ ಒಳಗಿನವು ಎಲ್ಲಿ ಹೋಗ್ತಾವ್ರೀ? ಅವು ಬೇರಿನ ಒಳಗ ಇರೋ ಮಂದಿ."

"ರೋಗ ಅಲ್ವಾ ಮೇಡಂ?"

"ಎಲ್ಲಾವೂ ಅಲ್ರೀ. ಉಂಡ ಮನಿಗೆ ದುಡಿಯೋವೂ ಅದಾವ."

ಅವರು ಅದನ್ನು ಮಾಡಿಯೇ ತೋರಿಸಿದರು. ಶುದ್ಧಮಾಡಿದ ಬೀಜಗಳಿಂದ ಸಸಿ ಎಬ್ಬಿಸಿ, ಅರ್ಧಕ್ಕೆ ಆ ಬ್ಯಾಕ್ಟೀರಿಯಾಗಳನ್ನು ಮರಳಿ ಕೊಟ್ಟರು. ಆಮೇಲೆ ಎಲ್ಲ ಕುಂಡಗಳಿಗೂ ಬೇರು ಕೊಳೆಸುವ ಶಿಲೀಂಧ್ರ ಬೆರೆಸಿದರು. ಮಡಿಯ ಸಸಿಗಳು ಒಂದೊಂದಾಗಿ ಕತ್ತು ಚೆಲ್ಲಿದವು. ಒಳಗೆ ಮಂದಿ ಇದ್ದವುಗಳಲ್ಲಿ ಹೆಚ್ಚಿನವು ನಿಂತವು. ಗಿಡ ಇರಲು ಜಾಗ, ಉಣ್ಣಲು ಸಕ್ಕರೆ ಕೊಡುತ್ತದಂತೆ. ಅವು ಬೇರು ಚಾಚಲು ಹಾರ್ಮೋನು ಒದಗಿಸಿ, ಮಣ್ಣಿನ ರಂಜಕ ಕರಗಿಸಿ ಕೊಟ್ಟು, ಕೊಳೆರೋಗವನ್ನು ತಡೆಯುತ್ತವಂತೆ. ಕೆಲವಂತೂ ಗಿಡದ ಔಷಧಿ ಗುಣ ಹೆಚ್ಚಲೂ ನೆರವಾಗುತ್ತವಂತೆ.

ಇಷ್ಟೆಲ್ಲ ಕಂಡು ಬೇರೆಯವರಾದರೆ ಬೆರಗಾಗುತ್ತಿದ್ದರು. ನಾನು ಹೆದರಿದೆ. ತೊಳೆದರೂ ಹೋಗದವು ಇವೆಯೆಂದರೆ ನಂಬುವುದು ಯಾವುದನ್ನು? ಬಹಳ ದಿನ ಕೋಸಂಬರಿಯನ್ನು ಕಂಡರೂ ಅನುಮಾನ. ನಾನು ಊಟದ ಡಬ್ಬಿಯ ಸೌತೆಕಾಯಿ ಬದಿಗಿಡುವುದನ್ನು ಕಂಡ ಗಿರಿಜಾ ಮೇಡಂ, "ಗಿಡಾನೂ ನಿಮ್ಮಂಗ ಹೆದರಿ ಬಾಗಲಾ ಹಾಕ್ಕೊಂಡಿದ್ರ ಬದುಕ್ತಿತ್ತೇನ್ರೀ?" ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸೌತೆಕಾಯಿ ಮಾತ್ರ ತಿನ್ನಲಿಲ್ಲ.

ಇದನ್ನೆಲ್ಲ ಮೆಲುಕು ಹಾಕುತ್ತ ಕೂತಿದ್ದಾಗಲೇ ಕೋಣೆಯಲ್ಲಿ ಕೂಸು ಕಿರುಚಿತು. ವೀಣಾ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯಿಂದ ನನ್ನಾಕೆ ಕೂಗಿದಳು: "ಕೈಯೆಲ್ಲ ಹಿಟ್ಟಾಗಿದೆ ಕಣ್ರೀ, ಸ್ವಲ್ಪ ಎತ್ಕೊಳ್ರೀ!"

ಕೈ ತೊಳೆದೆ. ಇನ್ನೊಮ್ಮೆ ತೊಳೆದೆ. ಕೂಸಿನ ಮುಖ ಕೆಂಪೇರಿತ್ತು. ಕಿಬ್ಬೊಟ್ಟೆಯೊಳಗೆ ನನ್ನಾಕೆಯ ಕಿಡ್ನಿ ಸದ್ದಿಲ್ಲದೆ ನನಗಾಗಿ ದುಡಿಯುತ್ತಿರುವುದು ಆಗ ನೆನಪಾಯಿತು. ನಾನಾದರೂ ಎಲ್ಲಿ ಒಬ್ಬನೇ ಬದುಕಿದ್ದೇನೆ?

ಬಗ್ಗಿ ಎತ್ತಿಕೊಂಡೆ. ಎಷ್ಟು ಹಗುರ! ಹಾಲಿನ ವಾಸನೆಯ ಬಿಸಿ ತಲೆ ನನ್ನ ಹೆಗಲಿಗೊರಗಿತು. ಭಯ ಹೋಗಿರಲಿಲ್ಲ. ಕೂಸು ಅಳು ನಿಲ್ಲಿಸಿತು. ನಾನು ಶುರುಮಾಡಿದೆ.