ಬಾಷಾ ಸಾಬರ ಮಂದ ಕಿವಿ

ಶಿರಾದಲ್ಲಿ ಹಾಸಿಗೆ ಹೊಲಿಯುವ ಬಾಷಾ ಸಾಬರು ಪುಕ್ಕಟೆ ಪಾಠದ ಪಾಡ್‌ಕಾಸ್ಟ್ ಕಂಡರೆ ಬಿಡುವವರಲ್ಲ. ಜ್ವಾಲಾಮುಖಿಯಿರಲಿ, ತಿಮಿಂಗಿಲವಿರಲಿ, ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ‘ಸಬ್‌ಸ್ಕ್ರೈಬ್’ ಒತ್ತಿದ ಮೇಲೆಯೇ ಸೂಜಿ ಹಿಡಿಯುತ್ತಾರೆ. ಪಾಠ ಬೀದಿಗೆಲ್ಲ ಕೇಳಿಸುತ್ತದೆ. ಎದುರುಮನೆಯ ಮೇಕೆಗೂ ಗ್ರಹಣದ ಕಾರಣ ತಿಳಿದಿರಬೇಕು. “ಸ್ವಲ್ಪ ಸಣ್ಣಕ್ಕೆ ಇಡಿ ಸಾಬ್ರೇ” ಎಂದು ನಾನು ಹೇಳಿದರೆ, “ಕಿವಿ ಮಂದ ಆಗ್ಬುಟ್ಟೈತೆ ಮೇಷ್ಟ್ರೇ” ಎನ್ನುತ್ತಾರೆ. ಬೀದಿಯ ಕೊನೆಯಲ್ಲಿ ಯಾರಾದರೂ ಚಹಾ ಎಂದರೆ ಮಾತ್ರ ತಟ್ಟನೆ ತಿರುಗುತ್ತಾರೆ. ಪಾಠದಲ್ಲಿ ಪ್ರಶ್ನೆ ಬಂದೊಡನೆ ಅದನ್ನು ನಿಲ್ಲಿಸಿ ಕಾಯುತ್ತಾರೆ. ಮೊನ್ನೆ ನಾನು ಅಂಗಡಿಯಲ್ಲಿದ್ದಾಗ, ಪರದೆಯ ಹಿಂದಿನ ಅವರ ಅಡುಗೆಮನೆಯಿಂದ ಉತ್ತರ ಬಂತು. ಆ ದನಿ ನನಗೆ ಗೊತ್ತು: ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕುಳಿತು ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದ, ಮದುವೆ ಗೊತ್ತಾಯಿತೆಂದು ಹತ್ತನೆಯ ತರಗತಿಯ ನಡುವೆ ಮನೆಯವರು ಶಾಲೆ ಬಿಡಿಸಿದ ಅಫ್ಜಲುನ್ನೀಸಾಳದು. ಅವಳು ಈಗ ಸಾಬರ ಹೆಂಡತಿ. “ಸರಿಯಾಗಿ ಹೇಳಿದ್ಲಾ ಮೇಷ್ಟ್ರೇ?” ಎಂದು ಸಾಬರು ಪಿಸುಗುಟ್ಟಿದರು. ನಾನೂ ಅಷ್ಟೇ ಮೆಲ್ಲಗೆ ಹೂಂ ಎಂದೆ. ಆ ಮಂದ ಕಿವಿಗೆ ಅದು ಚೆನ್ನಾಗಿ ಕೇಳಿಸಿತು.